ಗದ್ದ ಎತ್ತಿದ ಇಂಗ್ಲಿಷ್

ಶ್ರೀವಾಣಿಗೆ ಇಂಗ್ಲಿಷಿನ ಟೆನ್ಸ್ ಕಲಿಸಿದವರು ನರಸಿಂಹರಾಜಪುರದ ಜಯದೇವಪ್ಪ ಮೇಷ್ಟ್ರು. ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡೇ ಪಾಠ ಮಾಡುವ ಮಹಾನುಭಾವರು. ರಸ ಚೆಲ್ಲಬಾರದೆಂದು ಗದ್ದವನ್ನು ಹೆಂಚಿನತ್ತ ಎತ್ತಿ ‘ಹ್ಯಾಡ್ ಬೀನ್’ ಎನ್ನುತ್ತಿದ್ದರು. ಆದರೂ ಮುಂದಿನ ಬೆಂಚಿನವರ ಪುಸ್ತಕದ ಮೇಲೆ ಕೆಂಪು ಹನಿ ಬೀಳುವುದು ತಪ್ಪುತ್ತಿರಲಿಲ್ಲ. ಆ ಹನಿಗಳನ್ನು ಒರೆಸಿ ಒರೆಸಿ ಅವಳಿಗೆ ಎಲೆಅಡಿಕೆ ಕಂಡರೇ ವಾಕರಿಕೆ. ಮದುವೆಮನೆಯಲ್ಲೂ ತಾಂಬೂಲದ ತಟ್ಟೆಯನ್ನು ಆಚೆ ತಳ್ಳಿಬಿಡುತ್ತಾಳೆ.

ಈಗ ಅವಳೇ ಬಾಳಗಡಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುತ್ತಾಳೆ. ಮೊನ್ನೆ ಹುಡುಗಿಯರಿಗೆ ಟೆನ್ಸ್ ಒಪ್ಪಿಸಲು ಹೇಳಿದಳು. ‘ಹ್ಯಾಡ್ ಬೀನ್’ ಬಂದದ್ದೇ ತಡ, ಇಡೀ ಕ್ಲಾಸು ಒಟ್ಟಿಗೆ ಗದ್ದ ಎತ್ತಿತು. ಶ್ರೀವಾಣಿ ಮೇಜು ಕುಟ್ಟಿದಳು.

“ಥೂ, ಗದ್ದ ಇಳ್ಸಿ ಎಲ್ರೂ! ಬಾಯಲ್ಲೇನು ಎಲೆಅಡಿಕೆ ಇದ್ಯಾ? ಆ ಜಯದೇವಪ್ಪ ಮೇಷ್ಟ್ರ ಹತ್ರ ಟ್ಯೂಷನ್ನಿಗೆ ಹೋಗಿದ್ರಾ?”

“ಅವ್ರು ಯಾರು ಮೇಡಂ?” ಎಂದಳು ಮುಂದಿನ ಬೆಂಚಿನ ಅರ್ಪಣಾ, ಹೆದರುತ್ತಲೇ. “ಹಂಗೇ ಹೇಳ್ಬೇಕು ಅಂದ್ಕೊಂಡಿದ್ವಿ. ನೀವೂ ಹಂಗೇ ಹೇಳೋದಲ್ವಾ?”

ಎಲೆಅಡಿಕೆಯನ್ನು ಒಮ್ಮೆಯೂ ಬಾಯಿಗಿಡದ ಶ್ರೀವಾಣಿ, ಸೆರಗಿನಿಂದ ತುಟಿಯ ಅಂಚನ್ನು ಒರೆಸಿಕೊಂಡಳು.