ಫೋಡ್ಶಿ ಸೊಪ್ಪಿನ ಸರದಿ

ಮಳೆಗಾಲ ಶುರುವಾದ ಮೊದಲ ಹದಿನೈದು ದಿನ ನಾನು ಯಾವ ಕೆಲಸಕ್ಕೂ ಬಾರದ ಮನುಷ್ಯ. ಮುಂಬಯಿಯ ಗೋರೆಗಾಂವ್‌ನ ನಮ್ಮ ಅಡುಗೆಮನೆಯ ಕಿಟಕಿಯಿಂದ ದೂರದಲ್ಲಿ ಆರೆಯ ಕಾಡು ಕಾಣಿಸುತ್ತದೆ. ಬಿಲ್ಡಿಂಗುಗಳ ನಡುವಿನ ಆ ತುಂಡು ಕಾಡು ಬೇಸಿಗೆಯ ಬೂದುಬಣ್ಣ ಕಳಚಿ ಮೆಲ್ಲಗೆ ಹಸಿರಾಗುವುದನ್ನು ನೋಡುತ್ತ ನಿಂತುಬಿಡುತ್ತೇನೆ. ಒಲೆಯ ಮೇಲೆ ಹಾಲು ಉಕ್ಕುತ್ತದೆ, ಹೆಂಡತಿ ಶಾರದಾ ಕೂಗುತ್ತಾಳೆ. ನನಗೆ ಎರಡೂ ತಿಳಿಯುವುದಿಲ್ಲ. ಮೂವತ್ತು ವರ್ಷ ಬೈಕುಲ್ಲಾದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವನಿಗೆ ಹಗಲುಗನಸು ಕಾಣಲು ಪುರುಸೊತ್ತು ಸಿಕ್ಕಿದ್ದೇ ಈಗ.

ಹೋಟೆಲಿನವನ ಕನಸು ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಊಟದಲ್ಲಿ. ಆ ಹಸಿರಿನೊಳಗೆ ಫೋಡ್ಶಿ ಚಿಗುರಿರಬಹುದೇ ಎಂಬುದೇ ನನ್ನ ಧ್ಯಾನ. ಫೋಡ್ಶಿ ಎಂದರೆ ಹುಲ್ಲಿನಂತಹ ಕಾಡುಸೊಪ್ಪು. ಮೊದಲ ಮಳೆಗೆ ಹುಟ್ಟಿ ಕೆಲವೇ ವಾರಗಳಲ್ಲಿ ಬಲಿತುಹೋಗುತ್ತದೆ. ಈರುಳ್ಳಿ ಹಾಕಿ ಪಲ್ಯ ಮಾಡಿದರೆ ಅನ್ನ ಎರಡು ಹಿಡಿ ಹೆಚ್ಚು ಬೇಕು. ಅದನ್ನು ಹನ್ನೆರಡು ಮಳೆಗಾಲದಿಂದ ನಮ್ಮ ಬಾಗಿಲಿಗೆ ತಂದುಕೊಡುವವಳು ಯಮುನಾಬಾಯಿ. ಆರೆಯೊಳಗಿನ ಒಂದು ಪಾಡಾದ, ಅಂದರೆ ಆದಿವಾಸಿ ಹಾಡಿಯ, ವಾರ್ಲಿ ಹೆಂಗಸು. ಈ ಊರು ಮುಂಬಯಿ ಆಗುವುದಕ್ಕೂ ಮುಂಚಿನಿಂದ ಅವರ ಜನ ಇಲ್ಲಿದ್ದಾರೆ. ಆದರೂ ಮೊನ್ನೆ ಮೊನ್ನೆ ಉಡುಪಿಯಿಂದ ಬಂದ ನನ್ನನ್ನು, ಇಡೀ ಮುಂಬಯಿ ಕರೆಯುವ ಹಾಗೆ, ಅಣ್ಣಾ ಎನ್ನುತ್ತಾಳೆ.

ಪ್ರತಿ ವರ್ಷ ಮೊದಲ ಮಳೆ ಬಿದ್ದ ಮರುದಿನವೇ ನಾನು ಕೇಳುತ್ತೇನೆ. ಅವಳದು ಒಂದೇ ಉತ್ತರ: "ಅಜೂನ್ ದೇವಾಲಾ ದಿಲೀ ನಾಯ್, ಅಣ್ಣಾ. ಥಾಂಬಾ." ಇನ್ನೂ ದೇವರಿಗೆ ಕೊಟ್ಟಿಲ್ಲ, ತಡೆಯಿರಿ. ಅವಳ ಪಾಡಾದಲ್ಲಿ ವರ್ಷದ ಹೊಸ ಸೊಪ್ಪನ್ನು ಮೊದಲು ಬೇಯಿಸಿ ದೇವರ ಮುಂದೆ ಇಡಬೇಕು. ಅಲ್ಲಿಯವರೆಗೆ ಯಾರೂ ತಿನ್ನುವಂತಿಲ್ಲ, ಮಾರುವಂತಿಲ್ಲ. ನಾನು ತಲೆಯಾಡಿಸಿ ಒಳಗೆ ಬಂದು ಗೊಣಗುತ್ತೇನೆ.

ಈ ವರ್ಷ ಅವಳು ನಮ್ಮಿಬ್ಬರನ್ನೂ ಮನೆಗೆ ಕರೆದಳು. ಗೋಡೆಗೆ ಹೊಸದಾಗಿ ಚಿತ್ರ ಬರೆದಿದ್ದಾರಂತೆ, ನೋಡಲು ಬನ್ನಿ ಎಂದಳು. ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗುವುದು ನನ್ನ ಜಾಯಮಾನವಲ್ಲ. ಬೆಳಿಗ್ಗೆಯೇ ಹಳೆಯ ನೆಂಟಸ್ತಿಕೆಯ ಬೈಕುಲ್ಲಾ ಮಾರ್ಕೆಟ್ಟಿಗೆ ಹೋದೆ. ನೋಡಿದರೆ, ಎಲ್ಲಿಂದಲೋ ಬಂದ ಫೋಡ್ಶಿ ರಾಶಿ ಬಿದ್ದಿದೆ! ದೊಡ್ಡ ಕಟ್ಟೊಂದನ್ನು ಕೊಂಡುತಂದೆ.

ರಿಕ್ಷಾದಲ್ಲಿ ಶಾರದಾ ಚೀಲದೊಳಗೆ ಇಣುಕಿದಳು. "ಇದೆಂತ ಮಾರಾಯ್ರೆ, ಅವ್ರ ಸೊಪ್ಪು ಅವ್ರಿಗೇ ಕೊಡ್ಲಿಕ್ಕಾ? ಅವ್ರದ್ದು ದೇವ್ರಿಗೆ ಇಟ್ಟು ಆಯ್ತಾ ಕೇಳಿದ್ರಾ?"

ನನಗೆ ಕೇಳಿಸಲಿಲ್ಲ. ಇಷ್ಟು ಬೇಗ ಎಲ್ಲಿ ಸಿಕ್ಕಿತು ಎಂದು ಯಮುನಾಬಾಯಿ ಕಣ್ಣರಳಿಸುವುದನ್ನು ಆಗಲೇ ಕಾಣುತ್ತಿದ್ದೆ.

ಪಾಡಾ ತಲುಪಿದೆವು. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯ ಪುಟ್ಟ ಪುಟ್ಟ ಜನ ಕೈಕೈ ಹಿಡಿದು ಸುತ್ತು ಸುತ್ತಾಗಿ ಕುಣಿಯುತ್ತಿದ್ದರು. ನೋಡುತ್ತಿದ್ದಂತೆ ಅವರು ನಿಜಕ್ಕೂ ಒಂದು ಸುತ್ತು ತಿರುಗಿದಂತಾಯಿತು. ನಾನು ಮೊಬೈಲ್ ತೆಗೆಯಲಿಲ್ಲ. ಊರಿನ ಭೂತಕೋಲದಲ್ಲಿ ಮೊಬೈಲ್ ಎತ್ತಿ ಹಿಡಿದು ಅಡ್ಡ ನಿಲ್ಲುವ ಪರಊರಿನವರನ್ನು ಗುರಾಯಿಸಿ ಅಭ್ಯಾಸವಿರುವವನು ನಾನು. ಚಪ್ಪಲಿ ಎಲ್ಲಿ ಬಿಡಲಿ ಎಂದು ಕೂಡ ಕೇಳಿದೆ. ನನಗೆ ನಾನೇ ನೂರಕ್ಕೆ ನೂರು ಕೊಟ್ಟುಕೊಂಡು ಚೀಲವನ್ನು ಮುಂದೆ ಹಿಡಿದೆ.

ಯಮುನಾಬಾಯಿಯ ಕೈ ಮುಂದೆ ಬಂದದ್ದು ಹಾಗೆಯೇ ಹಿಂದೆ ಹೋಯಿತು. ಜಗಲಿಯಲ್ಲಿ ಕೂತಿದ್ದ ಅವಳ ಅತ್ತೆ ಎದ್ದು ಒಳಗೆ ಹೋದರು.

"ಅಣ್ಣಾ, ಹೇ ಘರಾತ್ ನಾಯ್ ಚಾಲಣಾರ್," ಎಂದಳು ಮೆಲ್ಲಗೆ. ಇದು ಮನೆಯೊಳಗೆ ನಡೆಯುವುದಿಲ್ಲ. ದೇವರಿಗಿಂತ ಮುಂಚೆ ಹೊಸ ಸೊಪ್ಪು ಹೊಸಿಲು ದಾಟಿದರೆ ವರ್ಷ ಕೆಡುತ್ತದೆ ಎಂದು ಹಿರಿಯರಿಗೆ ಹೆದರಿಕೆ. ಚೀಲ ಬೇಲಿಗೆ ನೇತುಬಿತ್ತು. ನಾವು ಮಾವಿನ ಮರದ ಕೆಳಗೆ ಕೂತು ಕರಿ ಚಹಾ ಕುಡಿದೆವು. ಅವಳು ಒಂದು ಬಿರುಸು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಬೇಲಿಯ ಚೀಲವನ್ನು ಬಿಡಿಸಿಕೊಂಡು ವಾಪಸು ಬರುವಾಗ ಅಮ್ಮನ ನೆನಪಾಯಿತು. ನಮ್ಮ ಹಿತ್ತಲಿನ ಬಳ್ಳಿಯ ಮೊದಲ ಸೌತೆಕಾಯಿ ದೈವಕ್ಕೆ ಮೀಸಲು. ಒಂಬತ್ತನೆಯ ವಯಸ್ಸಿನಲ್ಲಿ ನಾನು ಅದನ್ನು ಕಚ್ಚಿದ್ದೆ. ಅಮ್ಮ ಹೊಡೆಯಲಿಲ್ಲ. ಇನ್ನೊಂದು ಕಾಯಿ ಬಲಿತು ದೈವಕ್ಕೆ ಸಲ್ಲುವವರೆಗೆ ಮನೆಯಲ್ಲಿ ಯಾರೂ ಸೌತೆಕಾಯಿ ಮುಟ್ಟಲಿಲ್ಲ, ಅಷ್ಟೆ. ಅಂದರೆ ಈ ಪಾಠ ನನಗೆ ಗೊತ್ತೇ ಇತ್ತು. ಅದು ನಮ್ಮೂರಿನ ದೈವಕ್ಕೆ ಮಾತ್ರ ಎಂದುಕೊಂಡಿದ್ದೆ. ಹನ್ನೆರಡು ವರ್ಷ ಅವಳು "ಥಾಂಬಾ" ಎಂದಾಗಲೆಲ್ಲ ನಾನು ಅದನ್ನು ವ್ಯಾಪಾರದ ಮಾತೆಂದೇ ಕೇಳಿದ್ದೆ.

ಆಮೇಲೆ ಹತ್ತು ದಿನ ಯಮುನಾಬಾಯಿ ಬರಲಿಲ್ಲ. ಆ ಮನೆಗೆ ಇನ್ನು ಹೋಗಬೇಡ ಎಂದು ಅತ್ತೆ ಹೇಳಿರಬೇಕು ಎಂದು ಹೆದರಿದೆ. ಸೊಪ್ಪು ಹೋದರೆ ಹೋಗಲಿ, ಆ "ಅಣ್ಣಾ" ಎಂಬ ಕರೆ ನಿಂತುಹೋದೀತೆಂದು ಸಂಕಟ. ಕಿಟಕಿಯಲ್ಲಿ ನಿಂತರೂ ಕಿವಿಯೆಲ್ಲ ಬಾಗಿಲಿನ ಬೆಲ್ಲಿನ ಕಡೆ. ಆ ಹತ್ತು ದಿನ ಹಾಲು ಒಮ್ಮೆಯೂ ಉಕ್ಕಲಿಲ್ಲ.

"ಫ್ರಿಡ್ಜಲ್ಲಿ ಆ ಕಟ್ಟು ಕೊಳೀತಾ ಉಂಟು. ಪಲ್ಯ ಮಾಡ್ಲಾ?" ಎಂದಳು ಶಾರದಾ.

"ಬೇಡ. ಅವರದ್ದು ಇನ್ನೂ ಆಗಿಲ್ಲ," ಎಂದೆ.

ಹನ್ನೊಂದನೆಯ ಬೆಳಿಗ್ಗೆ ಬೆಲ್ ಆಯಿತು. ಬುಟ್ಟಿ ಇಳಿಸುವ ಮುಂಚೆಯೇ ಯಮುನಾಬಾಯಿ ಕೇಳಿದಳು: "ಅಣ್ಣಾ, ತೀ ಭಾಜೀ ಖಾಲ್ಲೀ ಕಾ?" ಆ ಸೊಪ್ಪು ತಿಂದಿರಾ?

ಒಳಗೆ ಹೋಗಿ, ಹಳದಿಯಾಗಿ ಜೋತುಬಿದ್ದ ಕಟ್ಟನ್ನು ತಂದು ತೋರಿಸಿದೆ. ಅವಳು ಅದನ್ನೂ ನನ್ನನ್ನೂ ನೋಡಿದಳು. ಗೋಡೆಗೆ ಒರಗಿ ನಗತೊಡಗಿದಳು. ನಗು ತಡೆದುಕೊಂಡು ಬುಟ್ಟಿಯ ಮೂಲೆಯಿಂದ ಎಲೆಯ ಪೊಟ್ಟಣವೊಂದನ್ನು ತೆಗೆದಳು. ಹಿಂದಿನ ದಿನ ದೇವರ ಮುಂದೆ ಇಟ್ಟ ಪಲ್ಯ.

"ಸಾಸೂನೇ ದಿಲೀ," ಎಂದಳು. ಅತ್ತೆ ಕೊಟ್ಟದ್ದು. "ಆಧೀ ದೇವ್, ಮಗ್ ಆಮೀ, ಮಗ್ ತುಮೀ."

ಮೊದಲು ದೇವರು, ಆಮೇಲೆ ಅವರು, ಆಮೇಲೆ ನಾವು. ಮೂರನೆಯ ಸರದಿ! ಲೋಕಲ್ ಟಿಕೆಟ್ಟಿನ ಸಾಲಿನಲ್ಲೂ ಇಷ್ಟು ಮುಂದೆ ನಿಂತವನಲ್ಲ ನಾನು. ಬಾಗಿಲಲ್ಲೇ ಕೂತು, ಶಾರದಾಳಿಗೂ ಕೊಟ್ಟು, ತಿಂದೆ. ಕಣ್ಣು ಮಂಜಾಯಿತು, ಸುಳ್ಳೇಕೆ ಹೇಳಲಿ.

ಪಲ್ಯಕ್ಕೆ ಉಪ್ಪು ಸ್ವಲ್ಪ ಕಡಿಮೆಯಿತ್ತು. ಮೂವತ್ತು ವರ್ಷ ಅಡುಗೆಭಟ್ಟರಿಗೆಲ್ಲ ಉಪ್ಪಿನ ಪಾಠ ಹೇಳುತ್ತ ಬಂದ ನಾನು ಆ ಬೆಳಿಗ್ಗೆ ಸುಮ್ಮನೆ ಎಲೆ ಒರೆಸಿ ತಿಂದೆ.