ಬೂಟಿನೊಳಗೆ ಹೋಗದ ಕಾಲುಂಗುರ

ನನ್ನ ಕಾಲಿನ ಅಳತೆಗೆ ಈ ಭೂಮಿಯ ಮೇಲೆ ಯಾರೂ ಬೂಟು ಹೊಲಿದಿಲ್ಲ ಎಂಬುದು ಗೊತ್ತಾದದ್ದು ನ್ಯಾಮತಿಯ ನಮ್ಮ ಪಡಸಾಲೆಯಲ್ಲಿ, ಮಗಳು ಮಂಜುಳ ತಂದಿಟ್ಟ ಕಪ್ಪು ಬೂಟಿನೊಳಗೆ ಎಡಗಾಲು ತುರುಕಲು ಹೋಗಿ ಅರ್ಧಕ್ಕೇ ಸಿಕ್ಕಿಕೊಂಡಾಗ. ಪಾದ ಮೊರದಷ್ಟು ಅಗಲ. ಬೆರಳುಗಳು ಜಗಳವಾಡಿದ ಓರಗಿತ್ತಿಯರ ಹಾಗೆ ಒಂದೊಂದು ಒಂದೊಂದು ದಿಕ್ಕಿಗೆ ಮುಖ ತಿರುಗಿಸಿವೆ. ಹೆಬ್ಬೆರಳಿನ ಪಕ್ಕದ ಬೆರಳಿಗೆ ಮದುವೆಯ ದಿನ ಹಾಕಿದ ಮೂರು ಸುತ್ತಿನ ಬೆಳ್ಳಿ ಕಾಲುಂಗುರ, ಮರಕ್ಕೆ ಸುತ್ತಿದ ತಂತಿಯಂತೆ ಮಾಂಸದೊಳಗೇ ಇಳಿದು ಕೂತಿದೆ. ಇಂಥ ಕಾಲು ಚಪ್ಪಲಿಗೆ ಹೇಳಿ ಮಾಡಿಸಿದ್ದು, ಬೂಟಿಗಲ್ಲ.

ಈ ವಯಸ್ಸಿನಲ್ಲಿ ಮುದುಕಿಗೆ ಬೂಟು ಯಾಕೆ ಎನ್ನುತ್ತೀರಿ. ಮಂಜುಳಳ ಮಗಳು ಚೈತ್ರ ದೊಡ್ಡದೊಂದು ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಬ್ರೆಡ್ಡು ಸುಡುವ ಕೆಲಸದಲ್ಲಿದ್ದಾಳೆ. ಆ ಹಡಗು ಬಡಗಣ ಸಮುದ್ರದಲ್ಲಿ ಮಂಜಿನ ಬೆಟ್ಟಗಳ ನಡುವೆ ಓಡಾಡುತ್ತದೆ. ಕೆಲಸದವರು ಮನೆಯವರನ್ನು ಕರೆಸಿಕೊಳ್ಳಬಹುದಂತೆ. ಅವಳು ಅವ್ವನನ್ನೂ ನನ್ನನ್ನೂ ಕರೆದಳು. ನಮ್ಮ ಯಜಮಾನರನ್ನೂ ಕರೆದಳು, ಆದರೆ ಹೊನ್ನಾಳಿಯಲ್ಲಿ ಬಸ್ಸು ತುಂಗಭದ್ರೆಯ ಸೇತುವೆ ದಾಟುವಾಗಲೇ ಕಣ್ಣು ಮುಚ್ಚಿಕೊಳ್ಳುವ ಮನುಷ್ಯ ಸಮುದ್ರಕ್ಕೆ ಇಳಿಯುವುದುಂಟೇ? ನಾನು ಒಪ್ಪಿದೆ. ಹುಟ್ಟಿದ್ದು ಜಗಳೂರಿನ ಬಿಸಿಲಲ್ಲಿ, ಬದುಕಿದ್ದು ನ್ಯಾಮತಿ ಬಸ್ ಸ್ಟ್ಯಾಂಡಿನ ಮಿರ್ಚಿ ಬಾಣಲೆಯ ಮುಂದೆ. ಒಂದು ಸ್ವೆಟರನ್ನೂ ಕೊಳ್ಳದೆ ಆಯುಷ್ಯ ಕಳೆದವಳಿಗೆ ಚಳಿ ಎಂಬುದನ್ನು ಒಮ್ಮೆ ಮುಖ ಕೊಟ್ಟು ನೋಡುವ ಆಸೆ ತಪ್ಪೇನಲ್ಲ.

ಏನು ಕಟ್ಟಿಕೊಳ್ಳಬೇಕೆಂದು ಫೋನಿನಲ್ಲಿ ಕೇಳಿದೆ.

"ಅಜ್ಜಿ, ದಪ್ಪಂದು ಒಂದು ಹಾಕ್ಕಂಡ್ರೆ ಸಾಲಲ್ಲ. ಮೈಗೆ ಅಂಟ್ಕಂಡಂಗೆ ತೆಳ್ಳಂದು ಒಂದು, ಅದರ ಮ್ಯಾಲೆ ಉಣ್ಣೇದು, ಎಲ್ಲದಕ್ಕೂ ಮ್ಯಾಲೆ ಗಾಳಿ ಮಳೆ ತಡ್ಯಾಕೆ ಒಂದು ಕೋಟು."

"ಉಳ್ಳಾಗಡ್ಡಿ ಹಂಗೆ ಅನ್ನು."

"ಹೂಂ, ಹಂಗೇನೇ. ಒಳಗೆ ಕಾಟನ್ ಮಾತ್ರ ಬ್ಯಾಡ. ಬೆವರು ಕುಡಕಂಡು ತಣ್ಣಗೆ ಮೈಮ್ಯಾಲೇ ಕೂರ್ತತೆ."

"ಮತ್ತೆ ನನ್ನ ಸೀರೆ?"

"ಊಟಕ್ಕೆ ಬರ್ವಾಗ ಉಡು, ಹಡಗಿನ ಒಳಗೆ ಬೆಚ್ಚಗೆ ಐತೆ. ಮ್ಯಾಲೆ ಉಟ್ಕಂಡು ನಿಂತ್ರೆ ಗಾಳಿಗೆ ನೀನೇ ಹಾಯಿ ಆಗ್ತೀಯ ನೋಡು."

ಹೀಗೆ ನನ್ನ ಪೆಟ್ಟಿಗೆಯೊಳಗೆ ಎರಡು ಪ್ಯಾಂಟು ಬಂದವು. ತೊಟ್ಟು ನೋಡಿದ ದಿನ, ಇಷ್ಟು ವರ್ಷ ನೆರಿಗೆಯೊಳಗೆ ಒಂದಾಗಿ ಬದುಕಿದ್ದ ನನ್ನ ಕಾಲುಗಳು ನಿಜಕ್ಕೂ ಎರಡಿವೆ ಎಂಬುದು ಖಾತ್ರಿಯಾಯಿತು. ಯಜಮಾನರು ತಮ್ಮ ಪಾಲಿನ ಸಹಾಯವೆಂದು ಜಗಳೂರಿನ ಕರಿ ಕಂಬಳಿಯನ್ನು ಮಡಚಿ ತಂದಿಟ್ಟರು. ಅದೊಂದೇ ಅರ್ಧ ಪೆಟ್ಟಿಗೆ ನುಂಗಿದ್ದರಿಂದ ಹಿಂದಕ್ಕೆ ಹೋಯಿತು. ಮಂಕಿ ಕ್ಯಾಪು, ಮಫ್ಲರು, ಕಿವಿಗೆ ಹತ್ತಿ ನಾನೇ ಇಟ್ಟುಕೊಂಡೆ. ಚಳಿ ಎಂದರೆ ನಮ್ಮ ಕಡೆ ಕಿವಿ, ಅಷ್ಟೇ. ಕಿವಿಗೆ ಮೂರು ಸುತ್ತು ಬಟ್ಟೆ ಸುತ್ತಿಕೊಂಡು ಬರಿಗಾಲಲ್ಲಿ ಇಬ್ಬನಿ ತುಳಿದುಕೊಂಡು ಹಾಲಿಗೆ ಹೋಗುವ ಜನ ನಾವು. ಕಾಲಿಗೂ ಚಳಿಯಾಗುತ್ತದೆ ಎಂದು ನಮಗೆ ಹೇಳಿದವರಿಲ್ಲ, ಕಾಲು ತಾನಾಗಿ ಹೇಳಿದರೂ ನಾವು ಕೇಳಿದವರಲ್ಲ.

ಚೈತ್ರ ಮಾತ್ರ ಕಾಲಿನ ವಿಷಯದಲ್ಲಿ ಹಟ ಹಿಡಿದಳು. ಒಂದು ದಿನ ಹಡಗಿನಿಂದ ಸಣ್ಣ ದೋಣಿಯಲ್ಲಿ ಇಳಿಸಿ ಜನರನ್ನು ಮಂಜಿನ ಮೇಲೆ ನಡೆಸುತ್ತಾರೆ, ಬೂಟಿಲ್ಲದವರನ್ನು ಇಳಿಸುವುದಿಲ್ಲ. ಆ ಒಂದೇ ದಿನ ಅವಳಿಗೆ ರಜೆ, ಅದನ್ನು ನನಗಾಗಿ ಕೇಳಿ ಪಡೆದಿದ್ದಳು. ಇನ್ನೂ ದೊಡ್ಡ ಬೂಟು ತಂದರಾಯಿತು ಎಂದೆ. "ಬೂಟು ದೊಡ್ಡದಾದ್ರೂ ಉಂಗುರ ಬಿಗೀತತಲ್ಲ ಅಜ್ಜಿ. ರಕ್ತ ಓಡ್ದಿದ್ರೆ ಆ ಚಳಿಗೆ ಬೆರಳೇ ಕೆಟ್ಟೋಗ್ತತೆ. ತೆಗೆಸ್ಬಿಡು" ಎಂದಳು.

ಪಕ್ಕದಲ್ಲಿ ಕೂತಿದ್ದ ಯಜಮಾನರ ಕೈಯ ಚಹಾ ಬಸಿಯಲ್ಲೇ ನಿಂತಿತು.

"ನಾನು ಬದುಕಿರಂಗೇ ತೆಗೆಸ್ತೀಯೇನೇ?"

"ನಿಮ್ಮ ಜೀವ ಏನ್ ನನ್ನ ಕಾಲ್ಬೆರಳಾಗೆ ಐತೇನ್ರೀ?"

"ಮದುವೆ ಆದಾಗಿಂದ ಅಲ್ಲೇ ಇಟ್ಟೀನಿ, ಏನೂ ತೊಂದ್ರೆ ಆಗಿಲ್ಲ. ಈಗ್ಯಾಕೆ ಜಾಗ ಬದಲಾಯಿಸ್ಬೇಕು?"

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ. ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ. ಆವತ್ತಿನಿಂದ ಊಟ ಅರ್ಧಕ್ಕೇ ಬಿಟ್ಟು ಏಳುವುದು, ಎದೆ ಮುಟ್ಟಿ ನೋಡಿಕೊಳ್ಳುವುದು, ಬಾರದ ಕೆಮ್ಮು ಬರಿಸಿಕೊಳ್ಳುವುದು ನಡೆಯಿತು. ಈ ಮನುಷ್ಯ ಹೋಗುವುದಾದರೆ ಬೀಡಿಯಿಂದ ಹೋಗುತ್ತಾನೆಯೇ ಹೊರತು ಬೆಳ್ಳಿಯಿಂದಲ್ಲ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ, ನೀವೇ ಹೇಳಿ. ಗಂಡ ಬದುಕಿದ್ದಾನೆ ಎಂಬುದನ್ನು ಹೆಂಗಸಿನ ಕಾಲು ಕೊರಳು ಹಣೆಯಲ್ಲೆಲ್ಲ ಬರೆದು ಊರಿಗೆ ತೋರಿಸುತ್ತಾರೆ. ಹೆಂಡತಿ ಬದುಕಿದ್ದಾಳೆ ಎನ್ನಲು ಗಂಡಸಿನ ಮೈಮೇಲೆ ಒಂದು ದಾರವೂ ಇಲ್ಲ. ಅವನ ಅಂಗಿಗೆ ಇಸ್ತ್ರಿ ಇದೆಯೋ ಇಲ್ಲವೋ ನೋಡಿ ಊಹಿಸಬೇಕು. ಇದನ್ನು ನಾನು ಹಿಂದೆ ಯೋಚಿಸಿದವಳಲ್ಲ. ಬೂಟು ಹಿಡಿಯದೆ ಹೋದದ್ದರಿಂದ ಯೋಚನೆ ಬಂತು.

ಆದರೂ ಅವರ ಮುಖ ನೋಡಿ, ಹೋಗಲಿ, ದೋಣಿ ಇಳಿಯದಿದ್ದರೆ ಪ್ರಳಯವೇನೂ ಆಗುವುದಿಲ್ಲ, ಹಡಗಿನ ಕಿಟಕಿಯಿಂದ ನೋಡುತ್ತೇನೆ ಎಂದು ಚೈತ್ರಳಿಗೆ ಹೇಳಿಬಿಟ್ಟೆ. ಅವಳು ನನ್ನ ಹತ್ತಿರ ವಾದಕ್ಕೆ ನಿಲ್ಲಲಿಲ್ಲ. "ಫೋನು ಅಜ್ಜಗೆ ಕೊಡು" ಎಂದಳು.

"ಅಜ್ಜ, ಅಜ್ಜಿ ಇಳಿಯಲ್ಲ ಅಂದ್ರೆ ನಾನೂ ಇಳಿಯಲ್ಲ. ಹೋದ ವರ್ಷಿಂದ ಆ ಮಂಜು ಅಡುಗೆಮನೆ ಕಿಟಕ್ಯಾಗಿಂದಾನೇ ನೋಡಾಕತ್ತೀನಿ, ಇನ್ನೊಂದು ವರ್ಷನೂ ಅಲ್ಲಿಂದಾನೇ ನೋಡ್ತೀನಿ ಬಿಡು."

ಯಜಮಾನರು ಫೋನು ಕೆಳಗಿಟ್ಟರು. ಗೂಟದಿಂದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. "ನಡಿ, ಆಚಾರ್ರ ಅಂಗಡಿ ಬಾಗ್ಲು ಹಾಕ್ತಾರೆ" ಎಂದರು.

ಬೆಳ್ಳಿ ಕೆಲಸದ ಆಚಾರ್ರು ನನ್ನ ಕಾಲನ್ನೂ ಯಜಮಾನರ ಮುಖವನ್ನೂ ಒಂದೆರಡು ಸಲ ನೋಡಿದರು. "ಅಮ್ಮಾರೇ, ಹಿಂಗೆ ಜೋಡಿಯಾಗಿ ಬಂದು ಕತ್ತರಿಸ್ರಿ ಅಂದೋರನ್ನ ನಾನು ನೋಡಿಲ್ಲ" ಎಂದು ಸಣ್ಣ ಇಕ್ಕುಳ ಹುಡುಕಿದರು. ಉಂಗುರ ಒಳಗಿಳಿದಿದ್ದರಿಂದ ಕಾಲು ಅಲುಗಾಡಬಾರದು. ಮದುವೆಯ ದಿನ ಇದೇ ಉಂಗುರ ಹಾಕುವಾಗ ಆಚೆ ತಿರುಗಿ ನೆಂಟರ ಜೊತೆ ಮಾತಾಡುತ್ತಿದ್ದ ಮಹಾರಾಯರು ಈಗ ನೆಲದ ಮೇಲೆ ಕೂತು ನನ್ನ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಉಂಗುರ ಟಕ್ಕೆಂದಿತು. ನಾನು ಅವರ ಮುಖ ನೋಡಿದೆ, ಬದುಕಿದ್ದರು. ಇನ್ನೊಂದು ಕಾಲಿನದೂ ಬಂತು, ಆಗಲೂ ಬದುಕಿದ್ದರು. ಆಮೇಲೆ ಆ ಎರಡನ್ನೂ ಎತ್ತಿಕೊಂಡು, "ಆಚಾರ್ರೇ, ಇವನ್ನ ನನ್ನ ಕಿರುಬೆರಳಿಗೆ ಒತ್ತಿ ಕೊಡ್ರಿ. ಬರೇ ಜಾಗ ಬದಲಾಯ್ತು ಅಂತ ತಿಳ್ಕಂತೀನಿ" ಎಂದರು. ಆಚಾರ್ರು ನಕ್ಕು ಒಂದೊಂದು ಕೈಗೆ ಒಂದೊಂದು ಹಾಕಿಕೊಟ್ಟರು.

ಹಡಗಿನ ಮೇಲೆ ನಿಂತ ಮೊದಲ ದಿನ ನನ್ನ ಮಂಕಿ ಕ್ಯಾಪು ಗಾಳಿಗೆ ಹಾರಿ ಸಮುದ್ರದ ಪಾಲಾಯಿತು. ಉಳಿದದ್ದೆಲ್ಲ ಚೈತ್ರ ಹೇಳಿದಂತೆಯೇ ಆಯಿತು. ಒಂದರ ಮೇಲೊಂದು ಮೂರು ಬಟ್ಟೆಯೊಳಗೆ ಬಾಣಲೆಯ ಮುಂದೆ ಕೂತಷ್ಟು ಬೆಚ್ಚಗಿದ್ದೆ; ಉಣ್ಣೆಯ ಕಾಲುಚೀಲದೊಳಗೆ ಬೆರಳುಗಳು ಹಳೆಯ ಜಗಳ ಮರೆತು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ರಜೆಯ ದಿನ ನನ್ನನ್ನು ದೋಣಿಯಿಂದ ಇಳಿಸಿದವಳು ಚೈತ್ರಳೇ. ಮಂಜಿನ ಮೇಲೆ ನಾವಿಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು, ಕುಡಿದವರ ಹಾಗೆ ನಡೆದೆವು; ಮಂಜುಳ ಹಿಂದಿನಿಂದ ಬೈಯುತ್ತಾ ಬಂದಳು. ನೀರಿನಲ್ಲಿ ತೇಲುವ ಹಳೆಯ ಮಂಜುಗಡ್ಡೆ ಸುಮ್ಮನಿರುವುದಿಲ್ಲ, ಕಾದ ಮರಳಿಗೆ ಅಕ್ಕಿ ಸುರಿದಾಗ ಮಂಡಕ್ಕಿ ಅರಳುವಂತೆ ಚಟಚಟ ಎನ್ನುತ್ತದೆ. ಅಷ್ಟು ದೂರ ಹೋಗಿ ಮಂಡಕ್ಕಿ ಭಟ್ಟಿಯ ಸದ್ದು ಕೇಳಿ ಬಂದೆ ನೋಡಿ. ದಿನಾ ಫೋನು ಮಾಡಿದಾಗ ಯಜಮಾನರು ಮೊದಲು ಮುಖ ತೋರಿಸುತ್ತಿರಲಿಲ್ಲ. ಎರಡು ಕಿರುಬೆರಳು ತೋರಿಸಿ, "ಇದೀನಿ" ಎನ್ನುತ್ತಿದ್ದರು.

ತಿರುಗಿ ಬಂದ ಮೇಲೆ, ಆಚಾರ್ರ ಹತ್ತಿರ ಹೋಗಿ ಉಂಗುರ ಸರಿಮಾಡಿಸಿ ಕಾಲಿಗೆ ಹಾಕಿಸಿಕೊಂಡು ಬರುತ್ತೇನೆ, ಬಿಚ್ಚಿ ಕೊಡಿ ಎಂದೆ. ಯಜಮಾನರು ಕೈ ಹಿಂದಕ್ಕೆ ಎಳೆದುಕೊಂಡರು.

"ನಾನು ಬಿಚ್ಚಿ, ನಿನಗೇನಾರ ಆದ್ರೆ?"

ನನ್ನ ಬೆರಳು ಬರಿದಾಗಿಯೇ ಉಳಿದವು. ಬಸ್ ಸ್ಟ್ಯಾಂಡಿನಲ್ಲಿ ಗೆಳೆಯರು ಅವರ ಕೈ ನೋಡಿ, "ಏನ್ ಯಜಮಾನ್ರೇ, ಹೆಂಗಸರ ಉಂಗುರ ಹಾಕ್ಕಂಡು ತಿರುಗ್ತೀರಲ್ಲ!" ಎಂದು ಆಡಿಕೊಂಡರೆ, ನಮ್ಮವರು ಬೀಡಿ ಹಚ್ಚಿಕೊಂಡು ನಿಧಾನವಾಗಿ ಹೇಳುತ್ತಾರಂತೆ: "ನಮ್ಮನೆಯಾಕಿ ಗಟ್ಟಿ ಅದಾಳೆ ಅಂತ ನಾಕು ಜನಕ್ಕೆ ಗೊತ್ತಾಗ್ಬೇಕಲ್ಲಪ್ಪಾ."