ಕೋಟೆ ಬಾಗಿಲಲ್ಲಿ ಪುಳಿಯೋಗರೆ

ಗೆಳೆಯರೇ, ಇವತ್ತು ಮೆಲ್ಬರ್ನಿನಾಚೆ ಒಂದು ಕೆರೆ ದಂಡೆಯ ಕೋಟೆಗೆ ಹೋಗಿದ್ದೆವು. ಹಳೇ ಯುರೋಪಿನ ರಾಜರ ಕೋಟೆಯಂತೆಯೇ ಕಟ್ಟಿದ್ದಾರೆ; ಕೆಲಸದವರು ಆ ಕಾಲದ ವೇಷ ತೊಟ್ಟು ಬಂದವರ ಜೊತೆ ನಾಟಕ ಆಡುತ್ತಾರೆ. ಬಾಗಿಲಲ್ಲಿ ಕಬ್ಬಿಣದ ಅಂಗಿ ತೊಟ್ಟಿದ್ದ ಕಾವಲುಗಾರ ನನ್ನ ಡಬ್ಬಿ ನೋಡಿ, "ನೋ ಔಟ್‌ಸೈಡ್ ಫುಡ್, ಸರ್" ಎಂದ. ಅದರಲ್ಲಿದ್ದದ್ದು ಪುಳಿಯೋಗರೆ. ನನ್ನವಳು ಹೋದ ಮೇಲೆ ಅವಳ ಅಳತೆಯಲ್ಲಿ ನಾನು ಮೊದಲ ಸಲ ಮಾಡಿದ್ದು. ಬಿಟ್ಟು ಹೋಗಲಾದೀತೇ?

"ಮಾವ, ನೀವು ಸುಮ್ನಿರಿ, ನಾನ್ ಮಾತಾಡ್ತೀನಿ" ಎಂದಳು ಸೊಸೆ.

ನಾನೆಲ್ಲಿ ಸುಮ್ಮನಿರುತ್ತೇನೆ? ಕಾಲೇಜಿನ ರಜಾ ಅರ್ಜಿಯ ಇಂಗ್ಲಿಷೇ ಬಾಯಿಗೆ ಬಂತು: "ರೆಸ್ಪೆಕ್ಟೆಡ್ ಸರ್, ಐ ಹಂಬ್ಲಿ ಬೆಗ್ ಯುವರ್ ಕೈಂಡ್ ಪರ್ಮಿಷನ್."

ಅವನು ಮಂಡಿಯೂರಿ, "ಎಂಟರ್, ಮೈ ಲಾರ್ಡ್!" ಎಂದು ದಾರಿ ಬಿಟ್ಟ.

"ತಾತ, ಹಿ ಥಿಂಕ್ಸ್ ಯು ಆರ್ ಆಕ್ಟಿಂಗ್!" ಎಂದು ಮೊಮ್ಮಗಳು ನಕ್ಕಳು.

ನನ್ನವಳಿದ್ದಿದ್ದರೆ ಅನ್ನುತ್ತಿದ್ದಳು: "ನಿಮ್ಮ ಇಂಗ್ಲಿಷು ರಾಜರ ಕಾಲದ್ದು ಅಂತ ನಾನು ಆವತ್ತೇ ಹೇಳಿರ್ಲಿಲ್ವಾ?"